ಯೋರ್ಡಿಸಳ ಗರಗಸ, ಆಲ್ಗೋಟನ ಪ್ಲಗ್ಗು

ಯೋರ್ಡಿಸ್ ಸ್ಟೆನ್‌ವಾಲ್ ಉತ್ತರ ಸ್ವೀಡನ್ನಿನ ಹಿಮದ ರಸ್ತೆಗಳಲ್ಲಿ ಮೂವತ್ತೊಂದು ವರ್ಷ ಶಾಲೆಯ ಬಸ್ಸು ಓಡಿಸಿದವಳು. ಒಂದು ಸಲವೂ ಬಸ್ಸನ್ನು ಚರಂಡಿಗಿಳಿಸಿದವಳಲ್ಲ. ಹಾಗಾಗಿ ಎಪ್ಪತ್ತೆರಡನೆಯ ವಯಸ್ಸಿನಲ್ಲಿ ಕರೆಂಟಿನ ಚೈನ್ ಗರಗಸವೊಂದನ್ನು ಕೊಂಡು ತಂದಾಗ ತನ್ನ ಕೈಮೇಲೆ ಅವಳಿಗೆ ಸಂಶಯವೇ ಇರಲಿಲ್ಲ. ಅಂಗಳದಲ್ಲಿ ಬರ್ಚ್ ಮರದ ನಲವತ್ತು ದಿಮ್ಮಿಗಳು ಬಿದ್ದಿದ್ದವು. ಜೂನ್ ಕೊನೆಯ ನಡುಬೇಸಿಗೆಯ ಹಬ್ಬದೊಳಗೆ ಅವನ್ನು ಕತ್ತರಿಸಿ, ಸೀಳಿ, ಒಟ್ಟಿದರೆ ಮಾತ್ರ ಚಳಿಗಾಲಕ್ಕೆ ಒಣ ಸೌದೆ ಸಿಗುತ್ತಿತ್ತು.

ಸಂಶಯವಿದ್ದದ್ದು ಅಕ್ಕನ ಮಗಳು ಅನ್ನೆಲಿಗೆ. ಅವಳು ನರ್ಸು.

"ಚಿಕ್ಕಮ್ಮ, ಒಬ್ಬಳೇ ಇದನ್ನ ಮುಟ್ಟಕೂಡದು. ಕೂಗಿದ್ರೆ ಕೇಳಿಸೋಷ್ಟು ದೂರದಲ್ಲಿ ಯಾರಾದ್ರೂ ಇರಬೇಕು. ಹಬ್ಬಕ್ಕೆ ಬಂದು ವಿಚಾರಿಸ್ತೀನಿ. ಇಲ್ಲಾಂದ್ರೆ ಗರಗಸ ನನ್ನ ಕಾರಿನ ಡಿಕ್ಕಿಗೆ."

ಅನ್ನೆಲಿ ಆಡಿದ್ದನ್ನು ಮಾಡುವವಳು. ಹಿಂದಿನ ವರ್ಷ ತನ್ನ ಸೋದರಮಾವನ ಏಣಿಯನ್ನು ಹಾಗೆಯೇ ಹೊತ್ತೊಯ್ದಿದ್ದಳು.

ಕೂಗಿದರೆ ಕೇಳಿಸುವ ದೂರದಲ್ಲಿದ್ದವನು ಬೇಲಿಯಾಚೆಯ ಆಲ್ಗೋಟ್ ಒಬ್ಬನೇ. ರೈಲ್ವೆಯಲ್ಲಿ ಸಿಗ್ನಲ್ ನೋಡಿಕೊಂಡಿದ್ದು ನಿವೃತ್ತನಾದವನು. ಮರುಸಂಕೇತ ಬಾರದೆ ಗಾಡಿ ಬಿಡಬಾರದೆಂಬುದು ಅವನ ರಕ್ತದಲ್ಲೇ ಇತ್ತು. ಗರಗಸದ ಜೊತೆ ಬಂದ ಪುಸ್ತಕವನ್ನು ಮನೆಗೊಯ್ದು ನಾಲ್ಕು ದಿನ ಓದಿದ. ಐದನೆಯ ದಿನ ಅಡುಗೆಮನೆಯ ಕುರ್ಚಿ, ಹಸಿರು ಬಾವುಟ, ಒಂದು ಜೊತೆ ಕಿವಿಮುಚ್ಚಳಗಳೊಡನೆ ಬಂದು, ಪುಸ್ತಕ ಹೇಳಿದಂತೆ ಗರಗಸದಿಂದ ಹತ್ತು ಮೀಟರ್ ಅಳೆದು, ಹೊರಗೋಡೆಯ ಪ್ಲಗ್ಗಿನ ಮೇಲೆ ಕೈಯಿಟ್ಟು ಕುಳಿತ.

"ನಾನು ಬಾವುಟ ಎತ್ತಿದ್ರೆ, ಕರೆಂಟಿನ ತಂತಿ ನಿನ್ನ ಹಿಂದಿದೆಯಾ, ಎರಡೂ ಕೈ ಹಿಡಿಯಲ್ಲಿದೆಯಾ ಅಂತ ಕೇಳಿದ ಹಾಗೆ. ನೀನು ಹೌದು ಅನ್ನಬೇಕು. ಅನ್ನದಿದ್ರೆ ಪ್ಲಗ್ ಕೀಳ್ತೀನಿ."

"ಆಗ್ಲಿ," ಎಂದಳು ಯೋರ್ಡಿಸ್.

ದಪ್ಪ ಷರಾಯಿ, ಉಕ್ಕಿನ ಮೂತಿಯ ಬೂಟು, ತಲೆಗೆ ಶಿರಸ್ತ್ರಾಣ, ಮುಖಕ್ಕೆ ಜಾಲರಿ, ಕಿವಿಗೆ ಮುಚ್ಚಳ, ಎಲ್ಲ ಧರಿಸಿ ಅವಳು ನಿಂತಳು. ದಿಮ್ಮಿಯನ್ನು ಅಡ್ಡಗಾಲಿನ ಚೌಕಟ್ಟಿನ ಮೇಲಿಟ್ಟು, ಗರಗಸದ ನೇರಕ್ಕೆ ನಿಲ್ಲದೆ ತುಸು ಪಕ್ಕಕ್ಕೆ ಸರಿದು, ಹೆಬ್ಬೆರಳನ್ನು ಹಿಡಿಯ ಕೆಳಗೆ ಸುತ್ತಿಟ್ಟು ಗುಂಡಿ ಒತ್ತಿದಳು. ಬಾವುಟ ಮೇಲೇರಿತು. ಅವಳು ಉತ್ತರ ಕೊಟ್ಟಳು. ಗರಗಸ ನಿಂತುಹೋಯಿತು.

"ಕರೆಂಟು ಯಾಕೆ ತೆಗೆದೆ?"

"ನೀನು ಹೌದು ಅನ್ಲಿಲ್ಲ."

"ಅಂದೆ."

ಅಂದದ್ದು ನಿಜ. ಆದರೆ ಆ ಸೀಮೆಯಲ್ಲಿ ಹೌದು ಎನ್ನುವುದಕ್ಕೆ ಯಾರೂ ಬಾಯಿ ತೆರೆಯುವುದಿಲ್ಲ. ತುಟಿ ಸೇರಿಸಿ ಸರ್ರನೆ ಉಸಿರನ್ನು ಒಳಗೆಳೆದರೆ ಮುಗಿಯಿತು. ಮದುವೆಗೆ ಒಪ್ಪುವುದೂ ಹಾಗೆಯೇ, ಜಮೀನು ಮಾರುವುದೂ ಹಾಗೆಯೇ. ಹತ್ತು ಮೀಟರ್ ದೂರದಲ್ಲಿ, ಜಾಲರಿಯ ಹಿಂದೆ ಎಳೆದ ಉಸಿರು ಕಿವಿ ಮುಚ್ಚಿಕೊಂಡವನಿಗೆ ಹೇಗೆ ಮುಟ್ಟೀತು?

ಹೀಗೆ ಪ್ರತಿ ದಿಮ್ಮಿಗೂ ನಾಲ್ಕೈದು ಸಲ ಗರಗಸ ನಿಂತಿತು. ಮೂರನೆಯ ದಿನ ತಡೆಯಲಾರದೆ ಅವಳು "ಹೌದು!" ಎಂದು ಅರಚಿದಳು. ಆಲ್ಗೋಟನ ಮುಖ ಬಿಳುಪೇರಿತು. ಅವನು ಕುರ್ಚಿಯನ್ನೆತ್ತಿಕೊಂಡು ಹೊರಟ.

"ಎಲ್ಲಿಗೆ?"

"ಐವತ್ತು ವರ್ಷದಿಂದ ನೆರೆಹೊರೆ. ಒಂದು ದಿನವೂ ನೀನು ನನ್ನ ಗದರಿರಲಿಲ್ಲ."

ಕಾಫಿ, ಏಲಕ್ಕಿ ಬನ್ನು, ಇಷ್ಟಾದ ಮೇಲೆ ಅವನು ಮರಳಿ ಕುಳಿತ. ಕೈಯೆತ್ತಿ ತೋರಿಸೋಣವೆಂದರೆ ಎರಡೂ ಕೈ ಗರಗಸದ ಮೇಲಿರಬೇಕು. ತಲೆಯಾಡಿಸಿದರೆ ಶಿರಸ್ತ್ರಾಣ ಮೂಗಿಗಿಳಿಯುತ್ತಿತ್ತು. ಕೊನೆಗೆ ಅವಳು ಮೊದಲಿನಂತೆಯೇ ಉಸಿರೆಳೆದಳು. ಅವನು ಮೊದಲಿನಂತೆಯೇ ಪ್ಲಗ್ಗು ಕಿತ್ತ.

ಆರನೆಯ ದಿನ ಕಾಡಿನಂಚಿಗೆ ಕಡವೆಯಂಥ ದೊಡ್ಡ ಎಲ್ಕ್ ಒಂದು ಬಂದು ನಿಂತಿತು.

"ಪ್ರಾಣಿಗಳನ್ನ ದೂರ ಇಡಬೇಕು ಅಂತ ಪುಸ್ತಕದಲ್ಲಿದೆ," ಎಂದ ಆಲ್ಗೋಟ್.

"ಅದು ಇನ್ನೂರು ಮೀಟರ್ ಆಚೆ ಇದೆ."

"ನಡೆಯೋಕೆ ಕಾಲಿದೆಯಲ್ಲ ಅದಕ್ಕೆ."

ಎಲ್ಕ್ ನಲವತ್ತು ನಿಮಿಷ ಮೇಯ್ದು ಹೋಯಿತು. ಅಷ್ಟೂ ಹೊತ್ತು ಇಬ್ಬರೂ ಅದನ್ನೇ ನೋಡುತ್ತ ಕುಳಿತರು.

ಹಬ್ಬದ ಹಿಂದಿನ ಬೆಳಿಗ್ಗೆ ಅನ್ನೆಲಿ ಬಂದಳು. ಕಾರಿನಿಂದಿಳಿದವಳೇ ದಿಮ್ಮಿ ಎಣಿಸಿದಳು.

"ಎಂಟು ದಿನಕ್ಕೆ ಹನ್ನೊಂದಾ?"

"ಬೆರಳು ಹತ್ತೂ ಇವೆ. ಎಣಿಸೋದಾದ್ರೆ ಅದನ್ನ ಎಣಿಸು," ಎಂದ ಆಲ್ಗೋಟ್, ಪ್ಲಗ್ಗು ಬಿಡದೆ.

ಅವಳು ಚಿಕ್ಕಮ್ಮನ ಕೈಗಳನ್ನು ತಿರುಗಿಸಿ ನೋಡಿದಳು. ಒಂದು ಗೀರೂ ಇರಲಿಲ್ಲ. ಗರಗಸ ಮನೆಯಲ್ಲೇ ಇರಲೆಂದು ಒಪ್ಪಿ, ತೋಳು ಮಡಿಸಿದಳು. "ಹೀಗಾದ್ರೆ ಚಳಿಗಾಲಕ್ಕೆ ಏನು ಸುಡ್ತೀರಿ? ಆಲ್ಗೋಟ್ ಮಾಮ, ಏಳಿ. ನಾನು ಕೂತ್ಕೋತೀನಿ. ಸಂಜೆಯೊಳಗೆ ಮುಗಿಸೋಣ."

ಆಲ್ಗೋಟ್ ಎದ್ದ. ಬಾವುಟವನ್ನು ಸುತ್ತಿ ಅವಳ ಕೈಗಿತ್ತು, ಬೇಲಿಯ ಬಳಿ ಹೋಗಿ ನಿಂತ. ಕೈಗಳನ್ನು ಎಲ್ಲಿಡಬೇಕೆಂದು ಅವನಿಗೆ ತೋಚಲಿಲ್ಲ.

ಅನ್ನೆಲಿ ಬಾವುಟ ಎತ್ತಲೇ ಇಲ್ಲ. ಮೂರು ದಿಮ್ಮಿಗಳು ಕಾಲು ಗಂಟೆಯಲ್ಲಿ ತುಂಡಾದವು. ಗರಗಸ ಒಮ್ಮೆಯೂ ನಿಲ್ಲಲಿಲ್ಲ. ಮೂರನೆಯದಾದ ಮೇಲೆ ಯೋರ್ಡಿಸ್ ತಾನೇ ಗುಂಡಿ ಬಿಟ್ಟು, ಚೈನು ಪೂರ್ತಿ ನಿಂತಮೇಲೆ ಗರಗಸವನ್ನು ಕೆಳಗಿಟ್ಟು, ಜಾಲರಿ ಮೇಲೆತ್ತಿದಳು.

"ಅನ್ನೆಲಿ, ಒಳಗೆ ಹೋಗಿ ಆಲೂಗಡ್ಡೆ ಬೇಯಿಸು."

"ಇನ್ನೂ ಇಪ್ಪತ್ತಾರು ಇದೆ, ಚಿಕ್ಕಮ್ಮ."

"ಇರ್ಲಿ. ಆ ಕುರ್ಚಿ ಆಲ್ಗೋಟಂದು."

ಹದಿನಾಲ್ಕು ದಿಮ್ಮಿಯ ಸೌದೆಗೆ ಆ ಚಳಿಗಾಲ ಅಡುಗೆಮನೆಯೊಂದೇ ಬೆಚ್ಚಗಾಯಿತು. ಯೋರ್ಡಿಸ್ ಮಂಚವನ್ನು ಒಲೆಯ ಪಕ್ಕಕ್ಕೆ ಎಳೆದುಕೊಂಡಳು. ಉಳಿದ ಇಪ್ಪತ್ತಾರನ್ನು ಇಬ್ಬರೂ ಸೆಪ್ಟೆಂಬರಿನವರೆಗೆ ಕತ್ತರಿಸಿದರು, ದಿನಕ್ಕೆ ಅರ್ಧ ದಿಮ್ಮಿಯಂತೆ, ಮಳೆ ಬಂದ ದಿನ ಬಿಟ್ಟು. ಆ ಚಳಿಗಾಲದೊಳಗೆ ಒಣಗದ ಅದು ಮರುವರ್ಷದ ಸೌದೆಯಾಯಿತು.