ಗಣ್ಯರ ಹಲಗೆ ಬರೆದವನು

ನಮ್ಮೂರಿನಲ್ಲಿ ನಲವತ್ತು ವರ್ಷ ಬೋರ್ಡ್ ಬರೆದವನನ್ನು ಎಲ್ಲರೂ ಪೇಂಟರಣ್ಣ ಎನ್ನುತ್ತಿದ್ದರು. ಹೊಳೆದಂಡೆಯ ‘ಇಲ್ಲಿ ಈಜಬಾರದು’ ಅವನದೇ, ಅದರ ಪಕ್ಕದ ‘ಈಜು ಕಲಿಸಲಾಗುವುದು’ ಕೂಡ ಅವನದೇ. ದೋಷವೆಂದರೆ ಒಂದೇ: ಮೊದಲ ಅಕ್ಷರ ಆನೆಯಷ್ಟು, ಕೊನೆಯದು ಇರುವೆಯಷ್ಟು. ಅಳತೆಪಟ್ಟಿ ಹಿಡಿಯುವವರು ಕೈಲಾಗದವರು ಎಂಬುದು ಅವನ ಸಿದ್ಧಾಂತ.

ಊರಿನ ಇತಿಹಾಸದ ಇಪ್ಪತ್ತು ಗಣ್ಯರ ಹೆಸರುಗಳನ್ನು ಹಲಗೆಯ ಮೇಲೆ ಅವನ ಕೈಯಲ್ಲೇ ಬರೆಸಲು ಪುರಸಭೆಯವರು ಹೊರಟಾಗ, ಆ ಪಟ್ಟಿಯಲ್ಲಿ ತಾನೂ ಇರುತ್ತೇನೆಂದು ಅವನು ನಂಬಿದ್ದ. ಇರಲಿಲ್ಲ. ಇಪ್ಪತ್ತನೆಯವರು ಅಧ್ಯಕ್ಷರ ಮಾವ. ಒಮ್ಮೆ ದೋಣಿ ತಪ್ಪಿಹೋಗಿ ಇಲ್ಲಿ ಒಂದು ರಾತ್ರಿ ಗೊರಕೆ ಹೊಡೆದದ್ದೇ ಅವರು ಊರಿಗೆ ಸಲ್ಲಿಸಿದ ಸೇವೆ.

“ಊರ ತುಂಬಾ ನಿಮ್ಮ ಅಕ್ಷರ. ನಿಮ್ಹೆಸ್ರೇ ಇಲ್ವಾ?” ಎಂದು ಹೆಂಡತಿ ಕೇಳಿದಳು.

“ಸುಮ್ನಿರೇ,” ಎಂದನೇನೋ ನಿಜ, ಆದರೆ ಅವತ್ತು ಊಟದ ತಟ್ಟೆಯನ್ನು ಅರ್ಧಕ್ಕೇ ಸರಿಸಿ ಎದ್ದ. ಮಾವನವರ ಹೆಸರು ಕಂಡು ನನಗೂ ಸಿಟ್ಟು ಬಂತು, ಸುಳ್ಳೇಕೆ ಹೇಳಲಿ.

ಅನಾವರಣದ ದಿನ ಅಧ್ಯಕ್ಷರು ಪರದೆ ಎಳೆದರು. ‘ಊರಿನ ಗಣ್ಯರು’ ಎಂದಿರಬೇಕಾದಲ್ಲಿ ಮೇಲಿನ ಸಾಲಿನ ತುಂಬಾ ದಪ್ಪಗೆ ‘ಊರಿ’. ಜಾಗ ಮುಗಿದು ಉಳಿದದ್ದು ಕೆಳಗಿಳಿದಿತ್ತು: ‘ನಗಣ್ಯರು’. ಅದರಡಿಯಲ್ಲಿ ಇಪ್ಪತ್ತು ಹೆಸರು, ಕೊನೆಗೆ ಮಾವನವರು. ಸಭೆ ಬಿದ್ದು ಬಿದ್ದು ನಕ್ಕಿತು.

“ಬೇಕಂತ್ಲೇ ಮಾಡಿದ್ದೀಯ!” ಎಂದು ಅಧ್ಯಕ್ಷರು ಕೆಂಡಾಮಂಡಲವಾದರು.

“ದೇವ್ರಾಣೆ ಸಾರ್, ಜಾಗ ಸಾಲ್ಲಿಲ್ಲ.”

ಅವನ ಪರವಾಗಿ ನಾನಂತೂ ಆಣೆ ಮಾಡಲಾರೆ.

“ಜನ ನಮಗೆ ಉಗೀತಾರೆ. ಇದನ್ನ ಬರೆದೋನು ಯಾರು ಅಂತ ಗೊತ್ತಾಗ್ಲಿ. ಮೊದ್ಲು ಕೆಳಗೆ ನಿನ್ಹೆಸ್ರು ಹಾಕು! ಆಮೇಲೆ ಆ ‘ನ’ ಮೇಲಕ್ಕೇರ್ಸು.”

ಪೇಂಟರಣ್ಣ ಏಣಿ ಹತ್ತಿದ. ಕುಂಚ ಅದ್ದಿದ. ಹಾಗೇ ನಿಂತುಬಿಟ್ಟ.

“ಏನಾಯ್ತ್ರೀ?” ಏಣಿ ಹಿಡಿದಿದ್ದ ಹೆಂಡತಿ ಕೇಳಿದಳು.

“ನನ್ಹೆಸ್ರು ಯಾವತ್ತೂ ಬರ್ದೇ ಇಲ್ವಲ್ಲೇ.”

ಕಿಸಕ್ಕೆನ್ನುತ್ತಿದ್ದವರೆಲ್ಲ ಏಣಿಯ ಹತ್ತಿರ ಬಂದರು. ಒಂದೊಂದೇ ಅಕ್ಷರ ಮೂಡಿ, ಮಾವನವರ ಕೆಳಗೆ ಇಪ್ಪತ್ತೊಂದನೆಯ ಹೆಸರು ಬಂತು. ಶಿಕ್ಷೆ ಕೊಡಲು ಹೋದ ಅಧ್ಯಕ್ಷರಿಗೆ ತಾವೇನು ಕೊಟ್ಟೆವೆಂದು ಆಗ ಹೊಳೆಯಿತು. ಅಷ್ಟರಲ್ಲಿ ಸಭೆ ಚಪ್ಪಾಳೆ ತಟ್ಟಿಯಾಗಿತ್ತು.

ಹೆಂಡತಿಗೆ ಓದು ಬಾರದು. “ನಿಮ್ದು ಯಾವ್ದ್ರೀ? ತೋರ್ಸಿ,” ಎಂದಳು.

ಬಣ್ಣ ಹಸಿಯಿದೆ ಎನ್ನುವುದನ್ನೂ ಮರೆತು, ಅವನು ಹೆಸರಿನ ಮೇಲೆ ಈ ತುದಿಯಿಂದ ಆ ತುದಿಗೆ ಬೆರಳಾಡಿಸಿ ತೋರಿಸಿದ. ಹೀಗಾಗಿ ಅವನು ತನ್ನ ಹೆಸರನ್ನು ಎರಡು ಸಲ ಬರೆಯಬೇಕಾಯಿತು.