ಸಂಕ ಆಗದ ಊರಿನ ಶಾಸಕರು

ಆ ದಿನ ನಮ್ಮ ಶಾಸಕರು ಊಟದ ಎಲೆ ಬಿಟ್ಟು ಎದ್ದರೋ, ಉಂಡೇ ಹೋದರೋ, ನನಗೀಗ ಖಚಿತವಿಲ್ಲ. ಕಡಬದ ಕಡೆಯ ಒಂದು ಮನೆಯಲ್ಲಿ ಬೊಜ್ಜದ ಊಟ; ಅಡಿಕೆಮರದ ಕಾಲುಸಂಕದಿಂದ ಜಾರಿ ಹೊಳೆಪಾಲಾದವನ ಹದಿಮೂರನೇ ದಿನ. ಶಾಸಕರು ಮದುವೆ ತಪ್ಪಿಸಿದರೂ ಬೊಜ್ಜ ತಪ್ಪಿಸುತ್ತಿರಲಿಲ್ಲ. ಯಾರು ಏನು ಕೇಳಿದರೂ ಅಂಗಿಯ ಕಿಸೆ ಮುಟ್ಟಿಕೊಂಡು, "ನೋಡುವ ಮಾರಾಯ್ರೆ, ಮಾಡಿಸುವ" ಎನ್ನುತ್ತಿದ್ದರು.

ಅವತ್ತು ಸತ್ತವನ ಹೆಂಡತಿ ಅವರ ಎಲೆಯ ಮುಂದೆ ಬಂದು ನಿಂತಳು.

"ಅಣ್ಣಾ, ಸಿಮೆಂಟಿನ ಸಂಕ ಎಂತ ಆಯ್ತು?"

"ನೋಡುವ ತಂಗಿ, ಮಾಡಿಸುವ."

"ನೀವು ನೋಡಿದ್ದು ಸಾಕು. ನಾಳೆ ನನ್ನ ಮಗಳು ಶಾಲೆಗೆ ಆ ಅಡಿಕೆಮರದ ಮೇಲೆಯೇ ಹೋಗ್ಬೇಕು. ಊಟ ಮಾಡಿ, ಪಾಯಸ ಉಂಟು."

ಪಂಕ್ತಿಯಲ್ಲಿ ಯಾರೋ ನಕ್ಕರು. ಅದು ನಾನೇ ಇರಬಹುದು. ಶಾಸಕರ ಕೈ ಕಿಸೆಯ ತನಕ ಹೋಗಿ ಅಲ್ಲೇ ನಿಂತಿತ್ತು.

ಮುಂದಿನ ಚುನಾವಣೆಯಲ್ಲಿ ಅವರು ಸೋತರು. ಆ ಸಂಕಕ್ಕಾಗಿ ಅವರು ಒಂದು ಸಾಲನ್ನೂ ಬರೆದವರಲ್ಲವೆಂದು ನಾನು ವರ್ಷಗಟ್ಟಲೆ ಹೇಳಿಕೊಂಡು ತಿರುಗಿದೆ. ಕಳೆದ ತಿಂಗಳು ಮಾಹಿತಿ ಹಕ್ಕಿನಲ್ಲಿ ಕಡತ ತರಿಸಿದೆ. ಸಂಕ ಇನ್ನೂ ಆಗಿಲ್ಲ. ಕಡತದ ತುಂಬ ಅವರದೇ ಪತ್ರಗಳು. ಕೊನೆಯದು ಸೋತ ಮೇಲಿನದು. ಹಳೆಯ ಲೆಟರ್‌ಹೆಡ್ಡಿನ "ಶಾಸಕರು" ಎಂಬುದರ ಹಿಂದೆ ಪೆನ್ನಿನಲ್ಲಿ "ಮಾಜಿ" ಎಂದು ಸೇರಿಸಿದ್ದರು.