ಟ್ರೇಗೆ ಇಳಿಯದ ಕರಡಿಗೆ

ಬೆಳಿಗ್ಗೆ ಎಂಟಕ್ಕೆ ರಾಜಗೋಪಾಲನಗರದ ಮನೆ ಬಿಟ್ಟೆ. ವೈಟ್‌ಫೀಲ್ಡಿನ ದೊಡ್ಡ ಕಂಪನಿಯೊಂದು ‘ಮನಸ್ಸಿನ ಹತೋಟಿ’ ಕುರಿತು ಅರ್ಧ ಗಂಟೆ ಮಾತಾಡಲು ಕರೆದಿತ್ತು. ಸಂಜೆ ಹೊತ್ತು ನಮ್ಮ ಬಡಾವಣೆಯ ಸಮುದಾಯ ಭವನದಲ್ಲಿ ಕಾರ್ಖಾನೆ ಹೆಂಗಸರಿಗೆ ಧ್ಯಾನ ಹೇಳಿಕೊಡುವವಳು ನಾನು. ದೊಡ್ಡವರ ಕರೆ ಬಂತೆಂದು ಹಿಗ್ಗಿದ್ದು ಸುಳ್ಳಲ್ಲ. ಹೊಸ ಇಳಕಲ್ ಸೀರೆಯನ್ನೇ ಉಟ್ಟಿದ್ದೆ.

ಪೀಣ್ಯ ಮೆಟ್ರೋ ನಿಲ್ದಾಣದಲ್ಲಿ ತಪಾಸಣೆಯ ಯಂತ್ರ ಕುಂಯ್ ಎಂದಿತು. ಸೆರಗಿನೊಳಗಿದ್ದದ್ದು ನನ್ನ ಇಷ್ಟಲಿಂಗದ ಬೆಳ್ಳಿ ಕರಡಿಗೆ. ದೀಕ್ಷೆಯಾದ ದಿನದಿಂದ ಪೂಜೆಗೆಂದು ಲಿಂಗವನ್ನು ಅಂಗೈ ಮೇಲೆ ಇಟ್ಟುಕೊಂಡಿದ್ದೇನೆಯೇ ಹೊರತು ಮೈಯಿಂದ ಬೇರೆ ಮಾಡಿಲ್ಲ. ಸಾಯುವ ತನಕ ಮಾಡುವುದೂ ಇಲ್ಲ.

“ಏನಮ್ಮ ಅದು?” ಎಂದಳು ಸೆಕ್ಯುರಿಟಿಯವಳು.

“ಲಿಂಗ ಕಣಮ್ಮ.”

“ಸರಿ, ಹೋಗಿ.”

ಮೆಜೆಸ್ಟಿಕ್ಕಿನಲ್ಲಿ ರೈಲು ಬದಲಿಸಿ ಕಾಡುಗೋಡಿ ತನಕ ನಿಂತೇ ಹೋದೆ. ತೊಂಬತ್ತು ರೂಪಾಯಿ ಕೊಟ್ಟರೂ ಸೀಟಿಲ್ಲ. ನಿಲ್ದಾಣದ ಹೊರಗೆ ಇಡ್ಲಿ ತಿಂದೆ, ಚಟ್ನಿ ನೀರು ನೀರಾಗಿತ್ತು. ಬಿಸಿಲು ಆಗಲೇ ಚುರುಗುಟ್ಟುತ್ತಿದ್ದುದರಿಂದ ಅಲ್ಲಿಂದ ಮುಂದೆ ಆಟೋ ಹಿಡಿದೆ.

ಕಂಪನಿಯ ಬಾಗಿಲಲ್ಲಿ ಯಂತ್ರ ಮತ್ತೆ ಕೂಗಿತು. ಕಾವಲಿನ ಹೆಂಗಸು ಒಂದು ಪ್ಲಾಸ್ಟಿಕ್ ಟ್ರೇ ಮುಂದೆ ತಳ್ಳಿದಳು.

“ಅದನ್ನ ತೆಗ್ದು ಇದ್ರಲ್ಲಿಡಿ ಅಕ್ಕ.”

“ತೆಗೆಯೋ ಹಾಗಿಲ್ಲಮ್ಮ, ಲಿಂಗ ಇದು. ಬೇಕಾದ್ರೆ ಕರಡಿಗೆ ತೆರೆದು ತೋರಿಸ್ತೀನಿ.”

“ತೋರ್ಸಿದ್ರೆ ಆಗಲ್ವಂತೆ, ತೆಗೀಲೇಬೇಕು. ರೂಲ್ಸು. ಬಿಟ್ರೆ ನನ್ ಕೆಲ್ಸ ಹೋಗುತ್ತೆ.”

ಅವಳ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟು ಬಂದದ್ದು ಆಮೇಲೆ. ನಾನು ಟ್ರೇ ಎದುರು ನಿಂತಿದ್ದಾಗಲೇ ಇಬ್ಬರು ಸಾಹೇಬರು ಪಕ್ಕದ ಗಾಜಿನ ಬಾಗಿಲಿನಿಂದ ನಗುತ್ತಾ ಒಳಗೆ ಹೋದರು. ಒಬ್ಬರ ಬೆಲ್ಟಿನ ಬಕಲ್ಲು ನನ್ನ ಕರಡಿಗೆಗಿಂತ ದೊಡ್ಡದಿತ್ತು. ಅವರಿಗೆ ಯಂತ್ರವೂ ಇಲ್ಲ, ರೂಲ್ಸೂ ಇಲ್ಲ.

ನನ್ನನ್ನು ಕರೆಸಿದ್ದ ಮ್ಯಾನೇಜರು ಕೆಳಗಿಳಿದು ಬಂದ. ಕಣ್ಣು ಕೈಯಲ್ಲಿದ್ದ ಫೋನಿನ ಮೇಲೆಯೇ ಇತ್ತು.

“ಎರಡು ನಿಮಿಷ ತೆಗೆದಿಟ್ಟು ಮತ್ತೆ ಹಾಕ್ಕೊಳ್ಳಿ ಮೇಡಂ. ಮೇಲೆ ಎಲ್ರೂ ವೇಟ್ ಮಾಡ್ತಿದ್ದಾರೆ.”

“ಆಗೋದಿಲ್ಲ. ಈಗ ಹೋದ್ರಲ್ಲ, ಅವರನ್ನ ಯಾಕೆ ತಪಾಸಣೆ ಮಾಡ್ಲಿಲ್ಲ?”

“ಅವರು ಡೈರೆಕ್ಟರ್ಸು,” ಎಂದವನು ನಕ್ಕ. “ಮನಸ್ಸಿನ ಹತೋಟಿ ಹೇಳ್ಕೊಡೋಕೆ ಬಂದೋರು ನೀವೇ ಇಷ್ಟು ಕೋಪ ಮಾಡ್ಕೊಂಡ್ರೆ ಹೆಂಗೆ ಮೇಡಂ?”

ಮೈಯೆಲ್ಲ ಉರಿದುಹೋಯಿತು.

“ಕೋಪ ಹತೋಟಿಯಲ್ಲೇ ಇದೆ ಸಾರ್. ಅದಕ್ಕೇ ನಿಮ್ಮ ಹತ್ರ ಇಷ್ಟು ಮೆಲ್ಲಗೆ ಮಾತಾಡ್ತಾ ಇದೀನಿ,” ಎಂದು ಹೇಳಿ ತಿರುಗಿ ನಡೆದೆ. ಗೇಟಿನ ಹತ್ತಿರ ತಿರುಗಿ ನೋಡಿದರೆ ಅವನು ಮತ್ತೆ ಫೋನು ನೋಡುತ್ತಿದ್ದ.

ಕಾಡುಗೋಡಿಯಲ್ಲಿ ರೈಲು ಖಾಲಿಯಿತ್ತು. ಕೂತರೂ ಸಿಟ್ಟು ಇಳಿಯಲಿಲ್ಲ. ಇವರಿಗೆ ಧ್ಯಾನ ಬೇಕು, ಧ್ಯಾನ ಹೇಳಿಕೊಡುವವಳ ದೇವರು ಮಾತ್ರ ಟ್ರೇಯಲ್ಲಿ ಬಿದ್ದಿರಬೇಕು. ನಾನು ಮಾತಾಡದಿದ್ದರೆ ಅವರಿಗೆ ಯಾವ ನಷ್ಟವೂ ಇಲ್ಲ ಎಂಬುದು ನನಗೆ ಗೊತ್ತಿತ್ತು. ಸಿಟ್ಟು ಹೆಚ್ಚಿದ್ದು ಅದಕ್ಕೇ.

ಸಂಜೆ ಸ್ನಾನ ಮಾಡಿ, ಲಿಂಗವನ್ನು ಎಡ ಅಂಗೈ ಮೇಲೆ ಇಟ್ಟುಕೊಂಡು ಕೂತೆ. ಲಿಂಗ ನೋಡಿದರೂ ಕಣ್ಣ ಮುಂದೆ ಆ ಟ್ರೇಯೇ ಬರುತ್ತಿತ್ತು. ಅದು ನಿಲ್ಲುವ ತನಕ ಲಿಂಗದಿಂದ ಕಣ್ಣು ಕೀಳಬಾರದೆಂದುಕೊಂಡೆ. ಬಹಳ ಹೊತ್ತು ಹಿಡಿಯಿತು.